ನಟ್ಟಿನ ಮೇಲಿನ ಕೆಂಪು ಗೆರೆ

ತನ್ನ ಗಾಡಿಮನೆಗೆ ಯಾರೋ ಕೈ ಹಾಕಿದ್ದಾರೆ ಎಂದು ಮರ್ವಿನ್ ಟೋಲೆಫ್ಸನ್‌ಗೆ ಖಾತ್ರಿಯಾದದ್ದು ಜನವರಿಯ ಒಂದು ಬೆಳಿಗ್ಗೆ, ಗಾಡಿಯ ಹೊಟ್ಟೆಯಡಿ ಅಂಗಾತ ಮಲಗಿದ್ದಾಗ. ಗ್ಯಾಸ್ ಪೈಪಿನ ಜಾಯಿಂಟಿಗೆ ಹಳದಿ ಟೇಪು ಸುತ್ತಿತ್ತು. ಮರ್ವಿನ್ ಜನ್ಮದಲ್ಲಿ ಟೇಪು ಸುತ್ತಿದವನಲ್ಲ. ಅವನದ್ದೇನಿದ್ದರೂ ಸೋರದಂತೆ ಬಳಿಯುವ ಡಬ್ಬಿಯ ಪೇಸ್ಟು. ಟೇಪು ಸುತ್ತುವುದು ಕೈಲಾಗದವರ ಕೆಲಸ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುವ ಆಸಾಮಿ ಅವನು. ಈಗ ಅವನದೇ ಮನೆಯ ಅಡಿಯಲ್ಲಿ, ಅವನದೇ ಪೈಪಿಗೆ, ಅಚ್ಚುಕಟ್ಟಾಗಿ ಸುತ್ತಿದ ಹಳದಿ ಟೇಪು!

ಕ್ವಾರ್ಟ್ಸ್‌ಸೈಟ್ ಊರಿನ ಹೊರಗಿನ ಮರುಭೂಮಿಯಲ್ಲಿ ಗಾಡಿಮನೆ ನಿಲ್ಲಿಸಿಕೊಂಡು ಚಳಿಗಾಲ ಕಳೆಯುವ ಜನ ಎಂಥ ತಪ್ಪನ್ನಾದರೂ ಕ್ಷಮಿಸಿಬಿಡುತ್ತಾರೆ. ರಾತ್ರಿಯೆಲ್ಲ ಜನರೇಟರ್ ಗುಡುಗಿಸಿದವನನ್ನು ಎರಡು ದಿನ ಬೈದು ಮೂರನೆಯ ದಿನ ಕರೆದು ಕೂರಿಸಿಕೊಳ್ಳುತ್ತಾರೆ. ಆದರೆ ಇನ್ನೊಬ್ಬನ ಗಾಡಿಯನ್ನು ಕೇಳದೆ ಮುಟ್ಟಿದವನಿಗೆ ಅಲ್ಲಿ ಕುರ್ಚಿ ಹಾಕಲು ಜಾಗ ಸಿಗದು. ಯಾರಾದರೂ ರಿಪೇರಿಗೆ ಕುಳಿತರೆ ಹತ್ತು ಜನ ಸುತ್ತ ನೆರೆದು ಇಪ್ಪತ್ತು ಬುದ್ಧಿ ಹೇಳುವುದುಂಟು. ಕೈ ಮಾತ್ರ ಜೇಬಿನಲ್ಲೇ ಇರಬೇಕು. ಗಾಡಿಯ ಯಜಮಾನ ತಾನಾಗಿ ಸ್ಪ್ಯಾನರ್ ಚಾಚಿ ‘ಹಿಡಿ’ ಅಂದರೆ ಮಾತ್ರ ಅದು ಹೊರಗೆ ಬರುತ್ತದೆ. ಮರ್ವಿನ್ ಹನ್ನೊಂದು ವರ್ಷ ಈ ರಸ್ತೆಗಳ ಮೇಲೆ ಬದುಕಿದ್ದ. ಒಮ್ಮೆಯೂ ಯಾರಿಗೂ ಸ್ಪ್ಯಾನರ್ ಚಾಚಿರಲಿಲ್ಲ.

ಅದು ಬರೀ ಜಂಬದ ಮಾತಲ್ಲ. ಅಯೋವಾದ ಮನೆ ಮಾರಿ, ಈ ಗಾಡಿಮನೆಯನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಹೊರಟ ದಿನವೇ ಅವನು ಹೆಂಡತಿ ನೋರೀನ್‌ಗೆ ಕರಾರು ಹಾಕಿದ್ದ: “ನೋಡು ಮಾರಾಯ್ತಿ, ಇದರ ರಿಪೇರಿ ನನ್ನ ಕೈಲಿ ಆಗೋವರೆಗೂ ರಸ್ತೆ. ಆಗದ ದಿನ ನೇರ ನಿನ್ನ ತಂಗಿ ಮನೆ ಹಿತ್ತಲ ಕೋಣೆ. ಮೆಕ್ಯಾನಿಕ್‌ಗಳ ಕೈಕಾಲು ಹಿಡ್ಕೊಂಡು ಬದುಕೋ ಬಾಳು ನನಗೆ ಬೇಡ.” ನೋರೀನ್ ನಕ್ಕು ಹೂಂ ಅಂದಿದ್ದಳು. ಅಂದಿನಿಂದ ಚಾವಣಿ ಸೋರಿದರೂ, ಚಕ್ರದ ಬೇರಿಂಗ್ ಕಿರುಗುಟ್ಟಿದರೂ, ಫ್ರಿಜ್ಜು ಮುನಿಸಿಕೊಂಡರೂ ಮರ್ವಿನ್ನನೇ ವೈದ್ಯ. ಆ ಪದವಿ ಹೋದರೆ ಇವನಿಗೆ ಉಳಿಯುವುದು ತಂಗಿ ಮನೆಯ ಕೋಣೆ, ತಂಗಿಯ ಗಂಡನ ಮೀನು ಹಿಡಿದ ಕಥೆಗಳು, ಅಷ್ಟೇ.

ಅವನು ಗಾಡಿಯಡಿಯಿಂದ ತೆವಳಿಕೊಂಡು ಹೊರಬಂದು, ಮೊಣಕೈ ಮಣ್ಣು ಒರೆಸಿಕೊಳ್ಳುತ್ತ, ಒಳಗೆ ಪಾತ್ರೆ ತೊಳೆಯುತ್ತಿದ್ದ ನೋರೀನ್‌ಳನ್ನು ಕೇಳಿದ.

“ಯಾರು ಬಂದಿದ್ರು ಇಲ್ಲಿ?”

“ಯಾರೂ ಇಲ್ಲವಲ್ಲ. ಯಾಕೆ?”

“ಕೆಳಗೆ ಪೈಪಿಗೆ ಯಾರೋ ಟೇಪು ಸುತ್ತಿದ್ದಾರೆ.”

ತಟ್ಟೆ ತೊಳೆಯುತ್ತಿದ್ದ ಕೈ ಒಂದು ಕ್ಷಣ ನಿಂತಿತು. ಮರ್ವಿನ್ ಅದನ್ನು ನೋಡಿದ. ನೋಡದೆ ಬಿಡುತ್ತಾನೆಯೇ!

“ನೀನೇ ಸುತ್ತಿ ಮರೆತಿರ್ತೀಯ ಬಿಡು,” ಅಂದಳು ಅವಳು, ತಿರುಗಿ ನೋಡದೆ. “ವಯಸ್ಸು ಎಪ್ಪತ್ತು ದಾಟಿದ ಮೇಲೆ ಎಲ್ಲರಿಗೂ ಹಾಗೇ.”

“ಟೇಪಾ? ನಾನಾ?”

“ಕಾಫಿ ಆರಿಹೋಗ್ತಿದೆ, ಕುಡಿ.”

ಕಾಫಿ ಕುಡಿದ. ಬಿಸಿನೀರು ಕುಡಿದಂತಿತ್ತು. ಅದೂ ಒಂದು ಸಂಶಯದ ವಿಷಯವೇ. ಕಳೆದ ವಸಂತದಲ್ಲಿ ಯೂಟಾದಲ್ಲಿ ಅವನು ಜ್ವರ ಬಂದು ಮಲಗಿ ಎದ್ದಾಗಿನಿಂದ ನೋರೀನ್‌ಳ ಅಡಿಗೆಯಲ್ಲಿ ಜೀವವೇ ಇರಲಿಲ್ಲ. ಹಂದಿಮಾಂಸದ ಬೇಕನ್ ಹುರಿದರೆ ಚರ್ಮ ಅಗಿದಂತೆ, ಸೂಪು ಮಾಡಿದರೆ ಉಪ್ಪುನೀರು. ಮೊದಮೊದಲು ಅವನು ಬಾಯಿಬಿಟ್ಟು ಹೇಳಿದ್ದ. ಅವಳು ಅವನ ಮುಖವನ್ನೇ ದಿಟ್ಟಿಸಿ ನೋಡಿ, ಮಾರನೆಯ ದಿನ ಇನ್ನಷ್ಟು ಮೆಣಸಿನ ಪುಡಿ ಸುರಿದಿದ್ದಳು. ಆಮೇಲೆ ಅವನು ಹೇಳುವುದನ್ನು ಬಿಟ್ಟ. ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಅಡಿಗೆಯಲ್ಲಿ ಮನಸ್ಸಿಲ್ಲ ಅಂದರೆ ಮನಸ್ಸು ಬೇರೆ ಎಲ್ಲೋ ಇದೆ ಎಂದೇ ಅರ್ಥ. ಮರ್ವಿನ್ ಹಾಗೆ ಅರ್ಥ ಮಾಡಿಕೊಂಡ.

ಎಲ್ಲೋ ಏಕೆ, ಕಣ್ಣೆದುರಿಗೇ ಇತ್ತಲ್ಲ. ಹಳೆಯ ಶಾಲಾಬಸ್ಸನ್ನು ಮನೆ ಮಾಡಿಕೊಂಡು, ಅದಕ್ಕೆ ಆಕಾಶನೀಲಿ ಬಣ್ಣ ಬಳಿದು, ಪಕ್ಕದಲ್ಲೇ ಬೀಡುಬಿಟ್ಟಿದ್ದ ಡೆಲ್ಬರ್ಟ್. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಲೆತುಂಬ ಕೂದಲಿತ್ತು, ಬಾಯಿತುಂಬ ಹಲ್ಲಿತ್ತು, ಎರಡೂ ಸ್ವಂತದವು. ಸಿಕ್ಕಿದವರಿಗೆಲ್ಲ ‘ಏನಾದ್ರೂ ಕೆಲಸ ಇದ್ರೆ ಹೇಳಿ’ ಎನ್ನುವ ಗಂಡಸನ್ನು ಮರ್ವಿನ್ ಯಾವತ್ತೂ ನಂಬಿದವನಲ್ಲ. ಅವನ ಬಸ್ಸಿನ ಬಾಗಿಲ ಮುಂದೆ ಒಂದು ದಿನ ನೋರೀನ್‌ಳ ನೀಲಿ ತಟ್ಟೆ ಕಾಣಿಸಿತು, ಮೇಲೆ ಅರ್ಧ ತಿಂದ ದಾಲ್ಚಿನ್ನಿ ರೋಲು. ಮನೆಯಲ್ಲಿ ಗಂಡನಿಗೆ ಉಪ್ಪುನೀರು, ಬಸ್ಸಿನವನಿಗೆ ದಾಲ್ಚಿನ್ನಿ ರೋಲು!

ಇನ್ನೂ ಇತ್ತು. ರಾತ್ರಿ ಮರುಭೂಮಿಯ ಚಳಿ ಮೂಳೆಗೆ ಇಳಿಯುತ್ತಿದ್ದರೂ ನೋರೀನ್ ತಲೆದಿಂಬಿನ ಬಳಿಯ ಕಿಟಕಿ ತೆರೆದೇ ಮಲಗುತ್ತಿದ್ದಳು. ಕೇಳಿದರೆ “ಉಸಿರು ಕಟ್ಟುತ್ತೆ.” ಎಂದೂ ಕಟ್ಟದ ಉಸಿರು ಈ ವರ್ಷ ಮಾತ್ರ ಕಟ್ಟುತ್ತದೆಯೇ? ಕಿಟಕಿ ತೆರೆದರೆ ಕಾಣುವುದು ಯಾವುದು? ನೀಲಿ ಬಸ್ಸು.

ನೀರಿನದ್ದೂ ಒಂದು ಕಥೆ. ವಾರವಿಡೀ ಸಾಲುತ್ತಿದ್ದ ನೀರು ಈಗ ಮೂರು ದಿನಕ್ಕೇ ಖಾಲಿ. “ಮರ್ವಿನ್, ನೀರು ಮುಗೀತು, ಊರಿಗೆ ಹೋಗಿ ತುಂಬಿಸ್ಕೊಂಡು ಬಾ.” ಅವನು ಪಿಕಪ್ಪಿನಲ್ಲಿ ಕ್ಯಾನುಗಳನ್ನು ಹೇರಿಕೊಂಡು ಹೋಗುವುದು, ನೀರಿನ ನಲ್ಲಿಯ ಮುಂದೆ ಸಾಲಿನಲ್ಲಿ ನಿಲ್ಲುವುದು, ಬರುವಷ್ಟರಲ್ಲಿ ಮಧ್ಯಾಹ್ನ. ಪೈಪು ಎಲ್ಲಾದರೂ ಒಡೆದಿದೆಯೇ ಎಂದು ಹುಡುಕಿದ. ಒಂದು ಹನಿಯೂ ಸೋರಿರಲಿಲ್ಲ. ಆದರೆ ಗಾಡಿಯ ಹಿಂದಿನ ಪೊದೆ, ಸುತ್ತಲಿನದ್ದೆಲ್ಲ ಒಣಗಿ ಕಡ್ಡಿಯಾಗಿರುವಾಗ, ಮದುವಣಗಿತ್ತಿಯ ಹಾಗೆ ಹಸಿರುಟ್ಟು ನಿಂತಿತ್ತು. ಬೇಕೆಂದೇ ನೀರು ಸುರಿದು ತನ್ನನ್ನು ಊರಿಗೆ ಅಟ್ಟುತ್ತಿದ್ದಾಳೆ. ಇದರಲ್ಲಿ ಅವನ ಲೆಕ್ಕ ಸರಿಯಾಗಿಯೇ ಇತ್ತು. ಕಾಮಾಲೆ ಕಣ್ಣಿನವನಿಗೆ ಎಲ್ಲವೂ ಹಳದಿ ಕಾಣುತ್ತದೆ ನಿಜ, ನಿಂಬೆಹಣ್ಣು ಹಳದಿಯಾಗಿಯೇ ಇರುತ್ತದೆ ಎಂಬುದೂ ಅಷ್ಟೇ ನಿಜ.

ಉಳಿದ ಹುಳವನ್ನು ತಲೆಗೆ ಬಿಟ್ಟವಳು ಓಪಲ್. ಎದುರಿನ ದೊಡ್ಡ ಮೋಟರ್‌ಹೋಮಿನ ಓಪಲ್‌ಗೆ ಮಂಡಿನೋವು, ಹಾಗಾಗಿ ದಿನವಿಡೀ ಕುರ್ಚಿಯಲ್ಲೇ ವಾಸ, ಹಾಗಾಗಿ ಶಿಬಿರದ ಸಕಲ ವರ್ತಮಾನವೂ ಅವಳ ಮಡಿಲಲ್ಲಿ.

“ಏನಪ್ಪ ಮರ್ವಿನ್, ಮತ್ತೆ ನೀರಿಗೆ ಹೊರಟ್ಯಾ? ನಿಮ್ಮ ಮನೇಲಿ ಆನೆ ಸಾಕಿದ್ದೀರೋ ಹೇಗೆ?”

“ನೋರೀನ್ ಬಟ್ಟೆ ಒಗೀತಾಳೆ.”

“ಒಗೀತಾಳೆ, ಒಗೀತಾಳೆ. ಪಾಪ, ಡೆಲ್ಬರ್ಟ್ ಬಂದು ಸಹಾಯ ಮಾಡ್ತಾನಲ್ಲ.” ಓಪಲ್ ಹೆಣಿಗೆಯ ಕಡ್ಡಿಯಿಂದ ಕಿವಿ ತುರಿಸಿಕೊಂಡಳು. “ನನಗ್ಯಾಕೆ ಬಿಡು ಊರ ಉಸಾಬರಿ. ನಿನ್ನ ಪಿಕಪ್ಪಿನ ಧೂಳು ಇಳಿಯೋದೇ ತಡ, ಅವನು ಅಲ್ಲಿ ಪ್ರತ್ಯಕ್ಷ ಆಗ್ತಾನೆ ಅಂತ ಹೇಳಿದೆ ಅಷ್ಟೆ. ಮನಸ್ಸಿಗೆ ಹಚ್ಕೋಬೇಡ.”

ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಹೇಳುವವರ ನಾಲಿಗೆಯೇ ಹಚ್ಚುವ ಕುಂಚ. ಮರ್ವಿನ್ ಆ ದಿನ ನೀರು ತರಲು ಹೋದವನು ಎರಡು ಕ್ಯಾನಿನ ಮುಚ್ಚಳ ಅಲ್ಲೇ ಮರೆತು ಬಂದ.

ಹಾಗೆಂದು ಜಗಳಕ್ಕೆ ಇಳಿಯುವಷ್ಟು ದಡ್ಡನಲ್ಲ ಅವನು. ಸಾಕ್ಷಿ ಬೇಕು. ನೋರೀನ್‌ಳ ಡಬ್ಬಿಯಿಂದ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಸೀಸೆ ಕದ್ದು ಗಾಡಿಯಡಿ ತೂರಿದ. ಹಳದಿ ಟೇಪು ಕಿತ್ತೆಸೆದು, ತನ್ನ ಪೇಸ್ಟು ಬಳಿದು, ನಟ್ಟು ಬಿಗಿದ. ಹೆಬ್ಬೆರಳ ಸಂದು ಆ ಚಳಿಯಲ್ಲಿ ಹಲ್ಲುನೋವಿನ ಹಾಗೆ ಎಳೆಯುತ್ತಿತ್ತು. ಸಾಕು ಅನಿಸಿದಲ್ಲಿಗೆ ನಿಲ್ಲಿಸಿದ. ಸಿಲಿಂಡರಿನ ಕಿವಿ ತಿರುಗಿಸಿ, ಜಾಯಿಂಟಿನ ಹತ್ತಿರ ಮೂಗು ಇಟ್ಟು ಮೂಸಿದ. ಏನೂ ಇಲ್ಲ. ಸೋಪುನೀರು ಸವರಿ ಗುಳ್ಳೆ ನೋಡುವವರನ್ನು ಕಂಡರೆ ಅವನಿಗೆ ನಗು: “ದೇವರು ಮುಖದ ಮಧ್ಯೆ ಮೀಟರ್ ಇಟ್ಟಿರುವಾಗ ಪಾತ್ರೆ ತೊಳೆಯೋ ನೀರು ಯಾಕೆ?” ಗ್ಯಾಸ್ ಸೋರಿದರೆ ಕಿರುಚುವ ಪೆಟ್ಟಿಗೆಯೊಂದು ಒಳಗೆ ಗೋಡೆಯ ಬುಡದಲ್ಲಿತ್ತು. ಅದನ್ನೂ ಅವನು ಶರತ್ಕಾಲದಲ್ಲೇ ಕಿತ್ತುಹಾಕಿದ್ದ. ಹಳತಾಗಿ ಕೆಟ್ಟು ಹೋಗಿ ಕಾರಣವಿಲ್ಲದೆ ಅರಚುತ್ತಿತ್ತು. ಹಾಗೆಂದು ಅವನು ತೀರ್ಮಾನಿಸಿದ್ದ.

ಕೊನೆಗೆ ನಟ್ಟಿನ ಮೇಲ್ಬದಿಯಲ್ಲಿ, ಕೆಳಗೆ ಮಲಗಿದವರಿಗೆ ಕಾಣದ ಕಡೆ, ನಟ್ಟಿನಿಂದ ಪೈಪಿಗೆ ಸೇರುವಂತೆ ಒಂದು ಕೆಂಪು ಗೆರೆ ಎಳೆದ. ನಟ್ಟು ಒಂದು ಕೂದಲಿನಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಇಷ್ಟು ಮಾಡಿ, ನೋರೀನ್ ಬಾಯಿ ತೆರೆಯುವ ಮೊದಲೇ ಕೂಗಿದ.

“ನೀರು ತರೋಕೆ ಹೋಗ್ತಿದ್ದೀನಿ. ನಿಧಾನ ಆಗಬಹುದು.”

“ಇನ್ನೂ ಇದೆಯಲ್ಲ ನೀರು?” ಅಂದವಳು ತಕ್ಷಣ, “ಹಾಂ, ಸರಿ, ಹೋಗಿ ಬಾ,” ಎಂದಳು. ಅವಳ ಮುಖದಲ್ಲಿ ಬಿಡುಗಡೆಯ ಕಳೆ. ಅದನ್ನು ಕಂಡು ಮರ್ವಿನ್‌ಗೆ ಅಳು ಬಂತು. ಸಿಟ್ಟು ಅಂದುಕೊಂಡು ಅವನು ಪಿಕಪ್ಪಿನ ಬಾಗಿಲನ್ನು ಧಡಾರನೆ ಎಳೆದುಕೊಂಡ.

ನೀರಿನ ನಲ್ಲಿಯ ಬಳಿ ಹೋಗಲೇ ಇಲ್ಲ. ಪ್ಯಾನ್‌ಕೇಕಿನ ಹೋಟೆಲಿನಲ್ಲಿ ಕುಳಿತು, ರುಚಿಯಿಲ್ಲದ ಪ್ಯಾನ್‌ಕೇಕಿನ ಮುಂದೆ ಹೊತ್ತು ಕಳೆದ. ಇಲ್ಲೂ ಅಡಿಗೆಯವನಿಗೆ ಕೆಲಸದಲ್ಲಿ ಮನಸ್ಸಿಲ್ಲ, ಕಾಲವೇ ಕೆಟ್ಟಿದೆ ಎಂದು ಗೊಣಗಿದ. ಎದುರಿನ ಮೇಜಿನವನು ತಟ್ಟೆ ನೆಕ್ಕುತ್ತಿದ್ದುದು ಕಾಣಿಸಿತು. ಅದರ ಅರ್ಥ ಹೊಳೆಯಲಿಲ್ಲ. ಅನುಮಾನ ಹೊಕ್ಕ ತಲೆಗೆ ಅದೊಂದನ್ನು ಬಿಟ್ಟು ಬೇರೇನೂ ಹೊಳೆಯುವುದಿಲ್ಲ.

ಹಿಂದಿರುಗಿ ಬಂದವನೇ ಗಾಡಿಯಡಿ ತೂರಿ ಕನ್ನಡಿ ಹಿಡಿದು ನೋಡಿದ. ಕೆಂಪು ಗೆರೆ ಮುರಿದಿತ್ತು. ನಟ್ಟಿನ ಮೇಲಿನ ತುಂಡು ಅರ್ಧ ಸುತ್ತು ಆಚೆ ಹೋಗಿತ್ತು. ಪಕ್ಕದ ಮಣ್ಣಿನಲ್ಲಿ ಅಗಲವಾದ ಬೆನ್ನು ಒತ್ತಿದ ಗುರುತು, ಅದರ ಪಕ್ಕ ನೋರೀನ್‌ಳ ಮಂಡಿಯೂರಿದ ಗುಳಿಗಳು ಎರಡು. ನಟ್ಟು ಯಾವ ಕಡೆಗೆ ತಿರುಗಿದೆ, ಸಡಿಲಾಗುವ ಕಡೆಗೋ ಬಿಗಿಯಾಗುವ ಕಡೆಗೋ, ಎಂದು ಆ ಪುಣ್ಯಾತ್ಮ ಒಂದು ಸಲ ನೋಡಬಾರದಿತ್ತೆ? ಹನ್ನೊಂದು ವರ್ಷ ನಟ್ಟು ತಿರುಗಿಸಿದವನು! ನೋಡಲಿಲ್ಲ.

ಸಂಜೆ ನಾಲ್ಕಕ್ಕೆ ಎಂದಿನಂತೆ ಎಲ್ಲರೂ ತಮ್ಮ ತಮ್ಮ ಕುರ್ಚಿ, ತಮ್ಮ ತಮ್ಮ ಗ್ಲಾಸು ಹಿಡಿದು ಓಪಲ್‌ಳ ಮೋಟರ್‌ಹೋಮಿನ ನೆರಳಿಗೆ ಬಂದರು. ಡೆಲ್ಬರ್ಟ್ ತನ್ನ ಪುಟ್ಟ ನಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಗುತ್ತ ಕುಳಿತಿದ್ದ. ನೋರೀನ್ ಚೀಸಿನ ತಟ್ಟೆ ಹಂಚುತ್ತಿದ್ದಳು. ಮರ್ವಿನ್ ಕುರ್ಚಿ ತರಲಿಲ್ಲ. ಕೈಯಲ್ಲಿ ಎರಡು ಸ್ಪ್ಯಾನರ್ ಹಿಡಿದು ಗುಂಪಿನ ಮಧ್ಯೆ ಬಂದು ನಿಂತ.

“ನಮ್ಮ ಮಧ್ಯೆ ಒಬ್ಬ ಇನ್ನೊಬ್ಬರ ಗಾಡಿ ಮುಟ್ಟೋನು ಇದ್ದಾನೆ.”

ಗ್ಲಾಸುಗಳು ಅರ್ಧ ದಾರಿಯಲ್ಲೇ ನಿಂತವು.

“ಡೆಲ್ಬರ್ಟ್, ನನ್ನ ಗ್ಯಾಸ್ ಪೈಪಿಗೆ ಕೈ ಹಾಕಿದ್ದು ನೀನು ತಾನೇ? ಹೌದೋ ಅಲ್ಲವೋ, ಅಷ್ಟು ಹೇಳು.”

ಡೆಲ್ಬರ್ಟ್ ನೋರೀನ್‌ಳ ಕಡೆ ನೋಡಿದ. ಅದೇ ಸಾಕಾಗಿತ್ತು.

“ನನ್ನ ಹೆಂಡತಿ ಮುಖ ಯಾಕೆ ನೋಡ್ತೀಯ? ಉತ್ತರ ಅಲ್ಲಿ ಬರೆದಿದೆಯಾ?”

“ಮರ್ವಿನ್, ಒಳಗೆ ಬಾ,” ಅಂದಳು ನೋರೀನ್. “ಒಳಗೆ ಹೇಳ್ತೀನಿ.”

“ಹೌದು ಕಣಪ್ಪ, ಮುಟ್ಟಿದ್ದು ನಾನೇ,” ಅಂದ ಡೆಲ್ಬರ್ಟ್. ನಾಯಿಯನ್ನು ನೆಲಕ್ಕಿಳಿಸಿದ. “ತಪ್ಪಾಯ್ತು. ಆದ್ರೆ ಬೇರೆ ದಾರಿ ಇರಲಿಲ್ಲ.”

“ಕೇಳಿದ್ರಾ ಎಲ್ಲರೂ! ನನ್ನ ಕೆಲಸದಲ್ಲಿ ಏನು ಕಮ್ಮಿ ಇತ್ತು ಅಂತ ನೀನು ಟೇಪು ಸುತ್ತೋಕೆ ಬಂದೆ? ಪೈಪು ನೆಪ. ನೀನು ಬರ್ತಿದ್ದಿದ್ದು ಯಾವ ಕಾರಣಕ್ಕೆ ಅಂತ ಇಲ್ಲಿರೋರಿಗೆಲ್ಲ ಗೊತ್ತು.”

ಓಪಲ್ ಹೆಣಿಗೆಯಲ್ಲಿ ಮುಖ ಹುದುಗಿಸಿದಳು. ನೋರೀನ್‌ಳ ಕೈಯಿಂದ ಚೀಸಿನ ತಟ್ಟೆ ಜಾರಿತು.

“ಅಯ್ಯೋ ನಿನ್ನ! ಹಾಗೆ ತಿಳ್ಕೊಂಡ್ಯಾ? ಈ ವಯಸ್ಸಲ್ಲಿ? ನನ್ನನ್ನಾ?”

ಆದರೆ ಮರ್ವಿನ್ ಆಗಲೇ ತನ್ನ ಗಾಡಿಯ ಕಡೆ ದಾಪುಗಾಲು ಹಾಕಿದ್ದ. ಎಲ್ಲರೂ ಹಿಂದೆ ಹೋದರು, ಮಂಡಿನೋವಿನ ಓಪಲ್ ಕೂಡ. ಅವನು ಎಲ್ಲರ ಕಣ್ಣೆದುರೇ ಸಿಲಿಂಡರ್ ಮುಚ್ಚಿ, ಕೆಳಗೆ ಮಲಗಿ ಡೆಲ್ಬರ್ಟ್ ಬಿಗಿದ ನಟ್ಟನ್ನು ಬಿಚ್ಚಿದ, ಬಟ್ಟೆಯಿಂದ ಒರೆಸಿದ, ತನ್ನ ಪೇಸ್ಟು ಹಚ್ಚಿದ, ಹಲ್ಲು ಕಚ್ಚಿ ತಿರುಗಿಸಿದ. ಹೆಬ್ಬೆರಳು ಮತ್ತೆ ಎಳೆಯಿತು. ಎದ್ದು ಸಿಲಿಂಡರಿನ ಕಿವಿ ಪೂರ್ತಿ ತಿರುವಿದ.

“ಬನ್ನಿ, ಪರೀಕ್ಷೆ ಮಾಡಿ! ಯಾರದ್ದು ಕೆಲಸ, ಯಾರದ್ದು ಕಳ್ಳಾಟ, ಇಲ್ಲೇ ತೀರ್ಮಾನ ಆಗಲಿ.” ಬಗ್ಗಿ ಜಾಯಿಂಟಿಗೆ ಮೂಗು ತಾಗಿಸಿ ಎದೆ ತುಂಬ ಉಸಿರೆಳೆದುಕೊಂಡ. “ಗಾಳಿ! ಶುದ್ಧ ಗಾಳಿ!”

ಯಾರೂ ಹತ್ತಿರ ಬರಲಿಲ್ಲ. ಮೊದಲು ಓಡಿದ್ದು ನಾಯಿ. ಆಮೇಲೆ ಒಬ್ಬೊಬ್ಬರಾಗಿ ಹಿಂದೆ ಸರಿದರು. ಯಾರೋ ತೋಳಿನಿಂದ ಮೂಗು ಮುಚ್ಚಿಕೊಂಡರು. ಓಪಲ್, ದಿನವೆಲ್ಲ ಕುರ್ಚಿ ಬಿಡದ ಓಪಲ್, ಹುಡುಗಿಯ ಹಾಗೆ ಓಡುತ್ತಿದ್ದಳು.

ಮರ್ವಿನ್ ಮುಖಗಳನ್ನು ನೋಡಿದ. ಅವನಿಗೆ ಅನಿಸಿದ್ದು ಒಂದೇ: ಎಲ್ಲರೂ ಸೇರಿದ್ದಾರೆ. ಮೊದಲೇ ಮಾತಾಡಿಕೊಂಡು ನಾಟಕ ಆಡುತ್ತಿದ್ದಾರೆ.

“ಓಹೋ! ಭೇಷ್! ಎಲ್ಲರಿಗೂ ಪಾಠ ಹೇಳಿಕೊಟ್ಟಿದ್ದಾನೋ? ಮೂಗು ಬೇರೆ ಮುಚ್ಕೋತೀರಾ? ನಾನೂ ತೋರಿಸ್ತೀನಿ.” ಜೇಬಿಗೆ ಕೈ ಹಾಕಿ ಒಲೆ ಹಚ್ಚುವ ಲೈಟರ್ ತೆಗೆದ. “ಗ್ಯಾಸ್ ಇದ್ರೆ ಹತ್ತಿಕೊಳ್ಳುತ್ತೆ, ಇಲ್ದಿದ್ರೆ ಇಲ್ಲ.”

ನೋರೀನ್ ಎಲ್ಲಿಂದ ಬಂದಳೋ. ಅರವತ್ತೊಂಬತ್ತರ ಹೆಂಗಸು, ಭುಜ ಕೊಟ್ಟು ಗುದ್ದಿದ ರಭಸಕ್ಕೆ ಅವನು ಚಕ್ರಕ್ಕೆ ಒರಗಿಬಿದ್ದ. ಲೈಟರನ್ನು ಅವನ ಬೆರಳುಗಳಿಂದ ಕಿತ್ತು ಎಷ್ಟು ದೂರ ಎಸೆದಳೆಂದರೆ ಅದು ಇವತ್ತಿಗೂ ಸಿಕ್ಕಿಲ್ಲ. ಡೆಲ್ಬರ್ಟ್ ಹಾರಿ ಸಿಲಿಂಡರಿನ ಕಿವಿ ಮುಚ್ಚಿದ.

“ನೀನೂ!” ಅಂದ ಮರ್ವಿನ್, ನೆಲದ ಮೇಲಿಂದಲೇ. “ನೀನೂ ಅವರ ಜೊತೆ!”

ಗ್ಯಾಸು ಗಾಳಿಗೆ ಹಾರಿಹೋಗುವವರೆಗೂ ನೋರೀನ್ ಅವನ ಎದೆಯ ಮೇಲೆ ಕೈಯಿಟ್ಟು ಅಲುಗದಂತೆ ಹಿಡಿದಳು. ಆಮೇಲೆ ಒಳಗೆ ಹೋಗಿ ಪಾತ್ರೆ ತೊಳೆಯುವ ಬಟ್ಟಲನ್ನೇ ನೊರೆಸಮೇತ ತಂದು ಜಾಯಿಂಟಿನ ಮೇಲೆ ಸುರಿದಳು. ಸಿಲಿಂಡರನ್ನು ಒಂದಿಷ್ಟೇ ತೆರೆಯುವಂತೆ ಡೆಲ್ಬರ್ಟ್‌ಗೆ ಸನ್ನೆ ಮಾಡಿದಳು.

“ನಮ್ಮ ಯಾರ ಮಾತೂ ನಂಬಬೇಡ. ಅದನ್ನ ನೋಡು.”

ನಟ್ಟಿನ ಅಂಚಿನಲ್ಲಿ ಒಂದು ಗುಳ್ಳೆ ಎದ್ದಿತು. ಊದಿತು, ಮುಷ್ಟಿಯಷ್ಟಾಯಿತು, ಒಡೆಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಗೊಂಚಲು ಗೊಂಚಲು. ಮರ್ವಿನ್ ಅವುಗಳನ್ನು ನೋಡಿದ. ಗುಳ್ಳೆಗಳಿಗೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ಅವನು ಮತ್ತೆ ಬಗ್ಗಿ, ಈ ಸಲ ಮೆಲ್ಲಗೆ, ಮೂಸಿದ. ಅವನ ಮೂಗಿಗೆ ಏನೂ ಬರಲಿಲ್ಲ. ಸೋಪಿನ ನಿಂಬೆಯ ವಾಸನೆಯೂ ಬರಲಿಲ್ಲ.

ಒಳಗೆ ಗಂಡಹೆಂಡಿರು ಎದುರುಬದುರು ಕುಳಿತಾಗ ಹೊರಗೆ ಇನ್ನೂ ಬೆಳಕಿತ್ತು.

“ಯಾವಾಗಿನಿಂದ ಗೊತ್ತು?”

“ಆ ಜ್ವರ ಬಿಟ್ಟ ಮೇಲೆ. ಹಾಲು ಹುಳಿಯಾಗಿತ್ತು, ನೀನು ಗಟಗಟ ಕುಡಿದೆ. ಬ್ರೆಡ್ಡು ಸುಟ್ಟು ಕರಕಲಾಯ್ತು, ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ದೆ. ಆಗಲೇ ಅಂದ್ಕೊಂಡೆ, ಹೋಯ್ತು ಮೂಗು ಅಂತ. ವಾಪಸ್ ಬರುತ್ತೆ ಅಂತ ಕಾದೆ. ಶರತ್ಕಾಲದಲ್ಲಿ ಆ ಪೆಟ್ಟಿಗೆ ಅರಚಿಕೊಳ್ತಲ್ಲ, ಅದು ಕೆಟ್ಟಿರಲಿಲ್ಲ ಮರ್ವಿನ್. ಮನೆ ತುಂಬ ಗ್ಯಾಸ್ ಇತ್ತು. ನೀನು ಅದನ್ನ ಕಿತ್ತು ಕಸಕ್ಕೆ ಹಾಕಿ, ಪೀಡೆ ತೊಲಗಿತು ಅಂದೆ. ನಾನು ಕಿಟಕಿ ತೆಗೆದೆ.”

“ಆವಾಗಲೇ ಯಾಕೆ ಹೇಳಲಿಲ್ಲ?”

ನೋರೀನ್ ತನ್ನ ಅಂಗಿಯ ಒದ್ದೆ ತೋಳನ್ನು ಹಿಂಡಿದಳು.

“ಹೇಳಿದ್ರೆ ನೀನು ಏನು ಮಾಡ್ತಿದ್ದೆ? ಗಾಡಿ ಮಾರ್ತಿದ್ದೆ. ಕರಾರು ಹಾಕಿದ್ದು ನೀನೇ ತಾನೇ. ನನ್ನನ್ನ ತಂಗಿ ಮನೆ ಕೋಣೇಲಿ ಕೂರಿಸಿ, ಕಿಟಕಿಯಿಂದ ಅದೇ ಬೀದಿ ನೋಡು ಅಂತಿದ್ದೆ. ನನಗಾಗಲ್ಲ. ಸತ್ರೂ ಆಗಲ್ಲ.”

ಮರ್ವಿನ್ ಬೆಪ್ಪಾಗಿ ನೋಡಿದ. “ನಿನಗೆ ಮನೆ ಬೇಕಿತ್ತು ಅಂದ್ಕೊಂಡಿದ್ದೆ. ನನಗೋಸ್ಕರ ಸಹಿಸ್ಕೊಂಡು ಬರ್ತಿದ್ದೀಯ ಅಂತ.”

“ಹನ್ನೊಂದು ವರ್ಷದಲ್ಲಿ ಒಂದು ಸಲ ಕೇಳಿದ್ಯಾ?”

ಕೇಳಿರಲಿಲ್ಲ.

“ಅದಕ್ಕೇ ಸುಳ್ಳು ಹೇಳಿದೆ,” ಅಂದಳು ಅವಳು. ಕಣ್ಣೀರು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು, ಎರಡನ್ನೂ ತಡೆಯಲಿಲ್ಲ. “ನೀರು ಚೆಲ್ಲಿದೆ. ಡೆಲ್ಬರ್ಟ್ ಕಾಲಿಗೆ ಬಿದ್ದೆ. ಅವನು ಆಗಲ್ಲ ಅಂದ, ಇನ್ನೊಬ್ಬನ ಗಾಡಿ ಮುಟ್ಟಲ್ಲ ಅಂದ. ರೋಲು ಮಾಡಿಕೊಟ್ಟು, ಅತ್ತು, ಕರ್ಕೊಂಡು ಬಂದೆ. ನಿನ್ನ ಹಿಂದೆ ಹಿಂದೇನೇ ನೀನು ಮಾಡಿದ್ದನ್ನೆಲ್ಲ ಬಿಗಿ ಮಾಡಿಸಿದೆ. ನಿನ್ನ ಮರ್ಯಾದೆಗೆ ಅಂತ ಅಂದ್ಕೋಬೇಡ. ನನ್ನ ರಸ್ತೆಗೆ.”

“ಊರವನ ಕಾಲಿಗೆ ಬೀಳೋ ಬದಲು ನೀನೇ ಕಲೀಬಹುದಿತ್ತಲ್ಲ?”

ಈ ಮಾತು ಬಾಯಿಂದ ಹೊರಬಿದ್ದ ಕೂಡಲೇ ಅವನಿಗೆ ಅದರ ಬೆಲೆ ಗೊತ್ತಾಯಿತು. ನೋರೀನ್ ನಕ್ಕುಬಿಟ್ಟಳು, ಕೆಟ್ಟ ನಗು.

“ಕಲಿಸು ಅಂತ ಕೇಳಿದೆ. ಮೊಂಟಾನಾದಲ್ಲಿ ಕೇಳಿದೆ, ಟೆಕ್ಸಸ್‌ನಲ್ಲಿ ಕೇಳಿದೆ. ‘ನೀನು ಟಾರ್ಚ್ ಹಿಡಿ ಸಾಕು’ ಅಂದೆ. ಹಿಡಿದೆ.”

ಆ ರಾತ್ರಿ ಒಲೆ ಹಚ್ಚಲಿಲ್ಲ. ಮರ್ವಿನ್ ಕತ್ತಲಾಗುವ ಮುಂಚೆಯೇ ನೀಲಿ ಬಸ್ಸಿನ ಬಳಿ ಹೋಗಿ, ಬಾಗಿಲು ಬಡಿದು, ಅಂದದ್ದಕ್ಕೆಲ್ಲ ಕ್ಷಮಿಸು ಎಂದು ತಲೆ ತಗ್ಗಿಸಿ ಹೇಳಿ ಬಂದ. “ನಿನ್ನ ಹೆಂಡತಿ ನನ್ನ ಹತ್ರ ಬಂದು ನಿನ್ನ ಬಗ್ಗೆ ಎಷ್ಟು ಬೈತಾಳೆ ಗೊತ್ತಾ?” ಅಂದ ಡೆಲ್ಬರ್ಟ್. “ಒಬ್ಬ ಗಂಡಸಿನ ಮೇಲೆ ಅಷ್ಟು ಪ್ರೀತಿ ಇಟ್ಟೋರು ಮಾತ್ರ ಹಾಗೆ ಬೈಯೋಕೆ ಸಾಧ್ಯ. ಹೋಗು, ಮಲಗು.” ಊರಿಗೆ ಹೋದಾಗ ಕಿರುಚುವ ಪೆಟ್ಟಿಗೆ ಹೊಸದೊಂದನ್ನು ತರುವುದಾಗಿಯೂ ಹೇಳಿದ.

ಬೆಳಿಗ್ಗೆ ಗಾಡಿಯಡಿ ಅಂಗಾತ ಮಲಗಿದವಳು ನೋರೀನ್. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತವನು ಮರ್ವಿನ್.

“ಒಂದು ಸ್ಪ್ಯಾನರ್‌ನಲ್ಲಿ ಪೈಪ್ ಹಿಡ್ಕೋ, ಇನ್ನೊಂದರಲ್ಲಿ ತಿರುಗಿಸು. ಪೈಪ್ ತಿರುಚಿಕೊಳ್ಳಬಾರದು.”

“ಗೊತ್ತಾಯ್ತು.”

“ಇನ್ನೂ ಸ್ವಲ್ಪ. ಇನ್ನೂ. ಸಾಕು ಅನಿಸಿದ ಮೇಲೆ ಇನ್ನೊಂದು ಕೂದಲೆಳೆ.”

“ನೀನು ನಿಲ್ಲಿಸ್ತಿದ್ದಿದ್ದು ಎಲ್ಲಿ?”

“ಸಾಕು ಅನಿಸಿದಲ್ಲಿ,” ಅಂದ ಮರ್ವಿನ್. ಇಬ್ಬರಿಗೂ ನಗು ಬಂತು.

ಕೆಳಗಿನ ಜಾಯಿಂಟಿಗೆ ಸೋಪುನೀರು ಸವರಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಉಳಿದದ್ದು ಒಳಗೆ ಒಲೆಯ ಹಿಂದಿನ ಜಾಯಿಂಟು. ಆ ಸಂದಿಯಲ್ಲಿ ಕೈ ತೂರುತ್ತಿತ್ತು, ಕಣ್ಣಾಗಲಿ ಕನ್ನಡಿಯಾಗಲಿ ತೂರುತ್ತಿರಲಿಲ್ಲ, ಗುಳ್ಳೆ ನೋಡುವಂತಿರಲಿಲ್ಲ. ನೋರೀನ್ ತಡವಿ ತಡವಿ ನಟ್ಟು ಹುಡುಕಿ, ಮುಖ ಕೆಂಪಗೆ ಮಾಡಿಕೊಂಡು ಬಿಗಿದಳು. ಮರ್ವಿನ್ ಸಿಲಿಂಡರ್ ತೆರೆದು ಬಂದ. ಅವಳು ಒಲೆಯ ಹಿಂದಿನ ಸಂದಿಗೆ ಮೂಗು ಒಡ್ಡಿ ಮೂಸಿದಳು. ಬಹಳ ಹೊತ್ತು ಮೂಸಿದಳು.

“ಇಲ್ಲ. ವಾಸನೆ ಇಲ್ಲ.”

ಮರ್ವಿನ್ ಅವಳ ಮುಖ ನೋಡಿದ. ಇಡೀ ಚಳಿಗಾಲ ಇದೇ ಮುಖ ‘ಯಾರೂ ಬಂದಿರಲಿಲ್ಲ’ ಅಂದಿತ್ತು, ‘ನೀರು ಮುಗೀತು’ ಅಂದಿತ್ತು, ರೆಪ್ಪೆ ಕೂಡ ಅಲುಗದೆ ಅಂದಿತ್ತು. ಈಗ ಹೇಳುತ್ತಿರುವುದು ನಿಜವೋ, ರಸ್ತೆ ಉಳಿಸಿಕೊಳ್ಳುವ ಇನ್ನೊಂದು ಸುಳ್ಳೋ? ಹಳೆಯ ಹುಳ ಒಮ್ಮೆ ತಲೆಯೆತ್ತಿತು. ಅವನ ಬಳಿ ಪರೀಕ್ಷಿಸುವ ಉಪಾಯ ಯಾವುದೂ ಇರಲಿಲ್ಲ.

ಅವಳಿಗೆ ಅವನ ಮನಸ್ಸು ಓದಲು ಮೂಗು ಬೇಕಿರಲಿಲ್ಲ.

“ಡೆಲ್ಬರ್ಟ್ ಪೆಟ್ಟಿಗೆ ತರೋವರೆಗೂ ಕಾಯೋಣ ಅಂದ್ರೆ ಕಾಯೋಣ,” ಅಂದಳು. “ಇಲ್ಲಾಂದ್ರೆ ನೀನು ಹೊರಗೆ ನಿಂತ್ಕೋ, ನಾನು ಹಚ್ತೀನಿ. ನನಗೇನೂ ಬೇಜಾರಿಲ್ಲ.”

ಅವಳು ಅದನ್ನು ಅಷ್ಟು ಸಲೀಸಾಗಿ ಅಂದಳು. ಆಗ ಮರ್ವಿನ್‌ಗೆ ಅರಿವಾಯಿತು. ಅವನು ಕೆಟ್ಟದಾಗಿ ಬಿಗಿದ ಪೈಪುಗಳ ಮೇಲೆ, ಅವನು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವಾಗ, ವಾಸನೆ ಬರುತ್ತಿದೆಯೇ ಎಂದು ನಿದ್ದೆಯಲ್ಲೂ ಎಚ್ಚರವಿದ್ದು, ಈ ಹೆಂಗಸು ತಿಂಗಳುಗಟ್ಟಲೆ ಮಲಗಿದ್ದಳು. ಬೇರೆಲ್ಲಾದರೂ ಹೋಗಿ ಮಲಗಬಹುದಿತ್ತು. ಹೋಗಿರಲಿಲ್ಲ.

ಒಲೆಯ ಪಕ್ಕದ ಬೆಂಚಿನ ಮೇಲೆ ಅವನು ಬಂದು ಕುಳಿತ, ಮಂಡಿ ಒಲೆಗೆ ತಾಗುವಷ್ಟು ಹತ್ತಿರ.

“ಹಚ್ಚು,” ಅಂದ.